ನಾನು ಅಟ್ಟ ಹತ್ತಿ ನೋಡಿಲ್ಲ, ನೀವೇ ಹೇಳಿ

ಏಳನೇ ತರಗತಿಯವರಿಗೆ ‘ನಮ್ಮೂರ ಜಾತ್ರೆ’ ಅಂತ ಪ್ರಬಂಧ ಕೊಟ್ಟರೆ ಮೊದಲ ಸಾಲು ಏನು ಬರುತ್ತದೆ ಅಂತ ಕನ್ನಡ ಪಾಠ ಮಾಡುವವರಿಗೆಲ್ಲ ಗೊತ್ತು. ‘ಭಾರತವು ಹಬ್ಬಹರಿದಿನಗಳ ನಾಡು.’ ಕೊನೆಗೆ, ‘ಆದ್ದರಿಂದ ನಾವೆಲ್ಲರೂ ನಮ್ಮ ಸಂಸ್ಕೃತಿಯನ್ನು ಉಳಿಸಿಕೊಳ್ಳಬೇಕು.’ ನಡುವೆ ಜಾತ್ರೆಯೇ ಇರುವುದಿಲ್ಲ. ತೇರಿನ ಹಗ್ಗ ಇಲ್ಲ, ಬತ್ತಾಸು ಇಲ್ಲ, ಜನರ ಮಧ್ಯೆ ತಂಗಿಯ ಕೈ ಬಿಟ್ಟುಹೋದ ಗಾಬರಿ ಇಲ್ಲ. ಮಕ್ಕಳನ್ನು ದೂರಿ ಏನು ಪ್ರಯೋಜನ? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಅಂತ ಮೂರು ಖಾನೆ ಕೊಟ್ಟಿರುತ್ತೇವೆ. ಗೈಡ್‌ನಲ್ಲಿ ಅದಕ್ಕೆ ತಕ್ಕ ಸಾಲುಗಳು ಸಿಗುತ್ತವೆ. ಮಕ್ಕಳು ತುಂಬುತ್ತಾರೆ.

ನಾನು ವಿಜಯಪುರ ಕಡೆಯವಳು. ಜೋಳದ ಹೊಲ ನೋಡಿ ಬೆಳೆದವಳಿಗೆ ಕೆಲಸ ಸಿಕ್ಕಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಎತ್ತ ತಿರುಗಿದರೂ ತೆಂಗಿನ ತೋಟ. ಇಲ್ಲಿ ಎಳನೀರು, ಹಸಿಕಾಯಿಗಿಂತ ಉಂಡೆ ಕೊಬ್ಬರಿಯ ಮಾತೇ ಜಾಸ್ತಿ. ತಿಪಟೂರಿನ ಎಪಿಎಂಸಿಯಲ್ಲಿ ಕ್ವಿಂಟಾಲಿಗೆ ಎಷ್ಟಾಯಿತು ಅನ್ನುವುದರ ಮೇಲೆ ಎಷ್ಟೋ ಮನೆಗಳ ಫೀಸು, ಮದುವೆ, ಸಾಲ ನಿಂತಿರುತ್ತದೆ. ಆದರೆ ಈ ಕೊಬ್ಬರಿ ಆಗುವುದು ಹೇಗೆ ಅಂತ ನನಗೆ ಸರಿಯಾಗಿ ಗೊತ್ತಿರಲಿಲ್ಲ. ವರ್ಣನೆ ಕಲಿಸಲು ಅದೇ ಒಳ್ಳೆಯ ದಾರಿ ಅನ್ನಿಸಿತು.

ಅವತ್ತು ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ‘ನಾನು ಅಟ್ಟ ಹತ್ತಿ ನೋಡಿಲ್ಲ. ಕಾಯಿ ಕೊಬ್ಬರಿ ಆಗೋದು ಹೇಗೆ, ನೀವೇ ಹೇಳಿ’ ಅಂದೆ. ತರಗತಿಗೆ ನಂಬಿಕೆಯೇ ಬರಲಿಲ್ಲ. ‘ನಿಜವಾಗ್ಲೂ ಗೊತ್ತಿಲ್ವಾ ಮಿಸ್?’

ಒಬ್ಬ ಹುಡುಗ ಒಂದೇ ಉಸಿರಿಗೆ ಮುಗಿಸಿದ. ‘ಕಾಯಿ ಕೆಡವಿ ಅಟ್ಟಕ್ಕೆ ಹಾಕ್ತೀವಿ. ಒಣಗಿದ ಮೇಲೆ ಸುಲಿದು ಮಾರ್ತೀವಿ.’

‘ಎಷ್ಟು ದಿನ ಬಿಡ್ತೀರಿ?’

‘ದಿನ ಅಲ್ಲ ಮಿಸ್, ಹತ್ತು ಹನ್ನೊಂದು ತಿಂಗಳು!’

‘ಸಿಪ್ಪೆ ತೆಗೆದು ಹಾಕ್ತೀರಾ?’

‘ಇಲ್ಲ, ಮಟ್ಟೆ ಸಮೇತ.’

‘ಅಟ್ಟದ ನೆಲ ಹೇಗಿರುತ್ತೆ?’

‘ಸಂದಿ ಬಿಟ್ಟು ದಬ್ಬೆ ಹಾಕಿರ್ತಾರೆ. ಗಾಳಿ ಆಡ್ಬೇಕಲ್ಲ.’

ಒಣಗಿದೆ ಅಂತ ಗೊತ್ತಾಗುವುದು ಹೇಗೆ ಅಂತ ಕೇಳಿದಾಗ ಹಿಂದಿನ ಸಾಲಿನಲ್ಲಿ ಯಾವಾಗಲೂ ಸುಮ್ಮನೆ ಕೂರುವ ಹುಡುಗಿಯ ಕೈ ತಾನಾಗಿಯೇ ಕಿವಿಯ ಹತ್ತಿರ ಹೋಯಿತು. ಇಲ್ಲದ ಕಾಯಿಯೊಂದನ್ನು ಹಿಡಿದು ಅಲ್ಲಾಡಿಸಿದಳು. ‘ನೀರಿದ್ರೆ ಗುಳುಗುಳು ಅನ್ನುತ್ತೆ ಮಿಸ್. ಕೊಬ್ಬರಿ ಆಗಿದ್ರೆ ಗಟಗಟ ಅಂತ ಒಳಗೆ ಉಂಡೆ ಬಡಿಯುತ್ತೆ.’ ಈಗ ಹೇಳಿದ್ದನ್ನೇ, ಹೀಗೇ ಬರಿ ಅಂದೆ. ‘ಸುಂದರ’, ‘ಮನೋಹರ’, ‘ರಮಣೀಯ’ ಈ ಮೂರು ಪದ ಯಾರೂ ಬಳಸುವ ಹಾಗಿಲ್ಲ ಅಂತಲೂ ಹೇಳಿದೆ.

ಆ ಹುಡುಗಿ ತನ್ನ ಅಜ್ಜಿ ಚಿಪ್ಪು ಒಡೆಯುವುದನ್ನು ಬರೆದಿದ್ದಳು. ‘ನಮ್ಮಜ್ಜಿ ಕಾಯಿಯನ್ನು ನೋಡುವುದಿಲ್ಲ. ನಮ್ಮನ್ನು ನೋಡಿ ಮಾತಾಡುತ್ತಾ ಒಡೆಯುತ್ತಾಳೆ. ಮಚ್ಚು ಕೊಬ್ಬರಿಗೆ ತಾಕಿದರೆ ಮಾತು ನಿಲ್ಲುತ್ತದೆ. ಏಟು ಬಿದ್ದಿದ್ದನ್ನು ಬೇರೆ ಕಡೆ ಹಾಕುತ್ತಾಳೆ. ಅದಕ್ಕೆ ರೇಟು ಕಮ್ಮಿ.’ ಇದಕ್ಕಿಂತ ಒಳ್ಳೆಯ ವರ್ಣನೆ ಯಾವ ಗೈಡ್‌ನಲ್ಲಿದೆ? ಅಜ್ಜಿಯ ಕೈಚಳಕ, ಮನೆಯ ಬಡತನ, ಸಂಜೆಯ ಹರಟೆ ಎಲ್ಲ ಇದರಲ್ಲಿದೆ. ಒಂದೂ ವಿಶೇಷಣ ಇಲ್ಲ.

ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿಸಿದ್ದು, ಮೂಗಿಗೆ ಬಂದದ್ದು ಅಂತ ಪಟ್ಟಿ ಮಾಡಿಸುವ ಕ್ರಮವೂ ಇದೆ. ನನಗೆ ಅದು ಅಷ್ಟಾಗಿ ಒಗ್ಗುವುದಿಲ್ಲ. ಮತ್ತೆ ಐದು ಖಾನೆ ಕೊಟ್ಟಂತಾಗುತ್ತದೆ, ಅಲ್ವಾ? ನಿಜವಾಗಿಯೂ ಗೊತ್ತಿಲ್ಲದವರು ಕೇಳಿದರೆ ಮಗು ತನ್ನ ಕಣ್ಣು, ಕಿವಿಯನ್ನು ತಾನೇ ಹುಡುಕಿಕೊಳ್ಳುತ್ತದೆ. ಮೊದಲ ಸಲ ಬರೆದಾಗ ನಾನು ಕೆಂಪು ಪೆನ್ನು ಮುಟ್ಟುವುದಿಲ್ಲ. ಅಲ್ಪಪ್ರಾಣ, ಮಹಾಪ್ರಾಣ ಎರಡನೇ ಸಲಕ್ಕೆ ಇರಲಿ. ‘ಹ’ಕಾರ ‘ಅ’ಕಾರದ ತಪ್ಪಿಗೆ ಗೆರೆ ಎಳೆಯುತ್ತ ಹೋದರೆ ಮಗು ಮುಂದಿನ ಸಲ ಬರೆಯಲು ಗೊತ್ತಿರುವ ಪದಗಳನ್ನಷ್ಟೇ ಆರಿಸಿಕೊಳ್ಳುತ್ತದೆ. ಪುಸ್ತಕಗಳನ್ನು ಅದಲು ಬದಲು ಮಾಡಿಸುತ್ತೇನೆ. ಓದಿದವರು ಕೆಳಗೆ ಒಂದು ಪ್ರಶ್ನೆ ಬರೆಯಬೇಕು, ಅಷ್ಟೇ.

ಪರೀಕ್ಷೆ ಏನು ಮಾಡೋದು ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳಬೇಕಾದ ಮಾತೇ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಪೀಠಿಕೆ, ಉಪಸಂಹಾರ ಬೇಕೇ ಬೇಕು. ಅದನ್ನೂ ಕಲಿಸುತ್ತೇನೆ, ಆದರೆ ಕೊನೆಯಲ್ಲಿ. ಒಳಗಿನದು ಬರೆದಾದ ಮೇಲೆ ಪೀಠಿಕೆ ಬರೆಯುವುದು ಮಕ್ಕಳಿಗೆ ಸುಲಭ.

ಇಷ್ಟರ ಮಧ್ಯೆ ಒಬ್ಬ ಹುಡುಗ ಖಾಲಿ ಹಾಳೆ ಇಟ್ಟುಕೊಂಡು ಕೂತಿದ್ದ. ಹತ್ತಿರ ಹೋದೆ. ‘ನಮ್ಮನೇಲಿ ಅಟ್ಟ ಇಲ್ಲ ಮಿಸ್. ತೋಟಾನೂ ಇಲ್ಲ’ ಅಂದ. ಅಪ್ಪ ಬೇರೆಯವರ ಮನೆಗೆ ಕಾಯಿ ಸುಲಿಯಲು ಕೂಲಿಗೆ ಹೋಗುತ್ತಾರಂತೆ. ‘ಅಪ್ಪ ಸಂಜೆ ಮನೆಗೆ ಬಂದಾಗ ಹೇಗಿರ್ತಾರೆ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ತಲೆ ಬಗ್ಗಿಸಿದವನು ಬೆಲ್ ಹೊಡೆದರೂ ಏಳಲಿಲ್ಲ. ಅಪ್ಪನ ಹುಬ್ಬಿನ ಮೇಲೆ ಕೂತ ಮಟ್ಟೆಯ ಕಂದು ಧೂಳು, ಸ್ನಾನದ ನೀರಿನ ಬಣ್ಣ, ಅಂಗೈಯ ಗಟ್ಟಿ ಚರ್ಮ, ಅನ್ನ ಕಲಸುವಾಗ ಬೆರಳು ಪೂರ್ತಿ ಮಡಚದೆ ಇರುವುದು.

ಮರುದಿನ ಅದನ್ನು ಅವನೇ ಓದಿದ. ತೋಟದ ಮನೆಯ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಕೇಳಲು ಶುರು ಮಾಡಿದರು. ಗೂಟಕ್ಕೆ ಕಾಯಿ ಚುಚ್ಚುವಾಗ ಕೈ ಎಲ್ಲಿರುತ್ತೆ? ಜಾರಿದರೆ? ಒಂದು ಕಾಯಿಗೆ ಎಷ್ಟು ಸಲ ತಿರುಗಿಸಬೇಕು? ಅವರ ಮನೆಯಂಗಳದಲ್ಲೇ ನಡೆಯುವ ಕೆಲಸ ಅದು. ಹುಡುಗ ಪುಸ್ತಕ ಮೇಜಿನ ಮೇಲಿಟ್ಟು, ಗೂಟ ಎಷ್ಟೆತ್ತರ ಅಂತ ತೊಡೆಯ ಹತ್ತಿರ ಕೈ ಹಿಡಿದು ತೋರಿಸಿ, ಸ್ವಲ್ಪ ಬಗ್ಗಿ, ಎರಡೂ ಕೈಯಿಂದ ಒತ್ತಿ ತಿರುಗಿಸಿದ. ‘ನಿಧಾನ, ಇನ್ನೊಂದು ಸಲ ಮಾಡೋ’ ಅಂದಳು ಆ ಹಿಂದಿನ ಸಾಲಿನ ಹುಡುಗಿ. ‘ನಾನು ಬರ್ಕೋಬೇಕು.’