ಕೊಲಾಟ್ಸ್ ಲೆಕ್ಕ: 32ರ ಜರಡಿ ಮುಗಿಯಿತು

ಕೊಲಾಟ್ಸ್ ಊಹೆಗೆ ಸಾಧನೆ (ಪ್ರೂಫ್) ಹುಡುಕುತ್ತಾ ಹೋದ ಸಲ 16ರ ಜರಡಿಯ ಹತ್ತಿರ ನಿಲ್ಲಿಸಿದ್ದೆ. ಈಗ 32 ಮುಗಿದಿದೆ. ಆದರೆ ದಾರಿಯನ್ನೇ ಬದಲಿಸಬೇಕಾಗಿದೆ. ಯಾಕೆ ಅಂತ ಬರೆಯುತ್ತೇನೆ.

ಹೊಸಬರಿಗೆ ಲೆಕ್ಕ ಇಷ್ಟೇ. ಯಾವುದಾದರೂ ಸಂಖ್ಯೆ ತೆಗೆದುಕೊಳ್ಳಿ. ಸಮ ಇದ್ದರೆ ಅರ್ಧ ಮಾಡಿ. ಬೆಸ ಇದ್ದರೆ ಮೂರರಿಂದ ಗುಣಿಸಿ 1 ಕೂಡಿಸಿ. ಹೀಗೇ ಹೋದರೆ ಕೊನೆಗೆ 1 ಬಂದೇ ಬರುತ್ತದೆ ಅನ್ನೋದು ಊಹೆ. 27 ಹಿಡಿದು ನೋಡಿ. 9,232ರವರೆಗೆ ಏರಿ, 111 ಹೆಜ್ಜೆ ಆದ ಮೇಲೆ 1ಕ್ಕೆ ಇಳಿಯುತ್ತದೆ. 2ರ 68ನೇ ಘಾತದವರೆಗೆ ಕಂಪ್ಯೂಟರ್‌ನಲ್ಲಿ ನೋಡಿ ಆಗಿದೆ, ಎಲ್ಲವೂ ಇಳಿದಿವೆ. ಆದರೂ ಸಾಧನೆ ಮಾತ್ರ ಯಾರಿಗೂ ಸಿಕ್ಕಿಲ್ಲ.

ನಾನು ಹಿಡಿದ ದಾರಿ ಜರಡಿಯದು. ಪ್ರತಿ ಸಂಖ್ಯೆಯೂ ಯಾವಾಗಲಾದರೂ ತನಗಿಂತ ಚಿಕ್ಕದಕ್ಕೆ ಇಳಿಯುತ್ತದೆ ಅಂತ ತೋರಿಸಿದರೆ ಸಾಕು. ಸಮ ಸಂಖ್ಯೆ ತಕ್ಷಣ ಇಳಿಯುತ್ತದೆ. 4ರಿಂದ ಭಾಗಿಸಿದರೆ 1 ಉಳಿಯುವ ಸಂಖ್ಯೆ, ಅಂದರೆ 4ಕ+1, ಮೊದಲು 12ಕ+4 ಆಗುತ್ತದೆ, ಎರಡು ಸಲ ಅರ್ಧ ಮಾಡಿದರೆ 3ಕ+1. ಅದೂ ಹೋಯಿತು (1 ಬಿಟ್ಟು). ಉಳಿದದ್ದು 4ಕ+3. ಅದನ್ನು 16ರಲ್ಲಿ ಜರಡಿ ಹಿಡಿದಾಗ, ಅಂದರೆ 16ರಿಂದ ಭಾಗಿಸಿದಾಗ ಬರುವ ಶೇಷದ ಪ್ರಕಾರ ವಿಂಗಡಿಸಿ ನೋಡಿದಾಗ, 7, 11, 15 ಶೇಷದವು ಉಳಿದಿದ್ದವು. 32ಕ್ಕೆ ಬಂದರೆ ಅವೇ ಆರಾಗುತ್ತವೆ (7, 11, 15, 23, 27, 31). ಅವುಗಳಲ್ಲಿ 11 ಮತ್ತು 23 ಬಿದ್ದುಹೋದವು. ಉಳಿದವು ನಾಲ್ಕು: 7, 15, 27, 31.

ಇಷ್ಟನ್ನು ಕೈಯಲ್ಲೇ ಮಾಡಿದೆ. ಧಾರವಾಡದ ಸಪ್ತಾಪುರದಲ್ಲಿ ನನ್ನ ಝೆರಾಕ್ಸ್ ಅಂಗಡಿ. ಕೆಟ್ಟ ಹಾಳೆಗಳ ಹಿಂಬದಿ ಬೇಕಾದಷ್ಟು ಸಿಗುತ್ತದೆ. ಕೋಚಿಂಗ್ ಹುಡುಗರು ಕ್ಲಾಸಿಗೆ ಹೋದ ಹೊತ್ತಿನಲ್ಲಿ ಬರೆಯುತ್ತೇನೆ. ಮುಂದಿನದನ್ನು ಅಣ್ಣನ ಮಗಳು ಪ್ರೋಗ್ರಾಂ ಬರೆದು ತೆಗೆದುಕೊಟ್ಟಳು. 64ರಲ್ಲಿ 8 ಉಳಿಯುತ್ತವೆ, 128ರಲ್ಲಿ 13, 256ರಲ್ಲಿ 19, 1024ರಲ್ಲಿ 64. "ಕಾಕಾ, ನೂರಕ್ಕ ಆರಕ್ಕ ಬಂತು ನೋಡ್ರಿ" ಅಂದಳು. ಇದು ಸೊನ್ನೆಗೇ ಹೋಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ನಿಜವಾಗಿಯೂ ಹೋಗುತ್ತದೆ. ಗಣಿತಜ್ಞ ರಿಹೋ ಟೆರಾಸ್ 1976ರಲ್ಲೇ ಅದನ್ನು ಸಾಧಿಸಿದ್ದಾರೆ. ಆದರೆ ಪಾಲು ಸೊನ್ನೆಯಾದ ಮಾತ್ರಕ್ಕೆ ಸಂಖ್ಯೆಗಳೇ ಉಳಿಯಲಿಲ್ಲ ಅಂತಲ್ಲ. 3, 7, 15, 31, ಹೀಗೆ 2ರ ಘಾತಕ್ಕಿಂತ ಒಂದು ಕಡಿಮೆ ಇರುವ ಶೇಷ ಎಷ್ಟು ಸಣ್ಣ ಕಣ್ಣಿನ ಜರಡಿಯಲ್ಲೂ ಉಳಿದೇ ಉಳಿಯುತ್ತದೆ.

ಈ ಹೊತ್ತಿಗೆ ಹಾಳೆಗಳನ್ನು ಒಬ್ಬ ನಿವೃತ್ತ ಗಣಿತ ಮೇಷ್ಟ್ರಿಗೆ ತೋರಿಸಿದೆ. ಅಂಗಡಿಗೆ ಬರುವವರೇ. ಪೂರ್ತಿ ಓದಿ ಒಂದೇ ಮಾತು ಹೇಳಿದರು: "ಕೂಡಿಸೋ ಬದ್ಲಿ 1 ಕಳದು ನೋಡ್ರಿ. ಅಲ್ಲೂ ಇದ ಮಾತು ನಡದ್ರ, ಇದು ಸಾಧನೆ ಆಗಂಗಿಲ್ರಿ."

ಅಂದೇ ರಾತ್ರಿ ಕಳೆದು ನೋಡಿದೆ. ಜರಡಿ ಹಾಗೇ ನಡೆಯುತ್ತದೆ, ಕನ್ನಡಿಯಲ್ಲಿ ನೋಡಿದ ಹಾಗೆ. 32ರಲ್ಲಿ ಅಲ್ಲೂ ನಾಲ್ಕೇ ಉಳಿಯುತ್ತವೆ: 1, 5, 17, 25. ಈಗ 5ರಿಂದ ನಡೆದು ನೋಡಿ. 5, 14, 7, 20, 10, ಮತ್ತೆ 5. ಅದು 1ಕ್ಕೆ ಬರುವುದೇ ಇಲ್ಲ! 17 ಕೂಡ ದೊಡ್ಡ ಸುತ್ತು ಹಾಕಿ 17ಕ್ಕೇ ವಾಪಸ್. ಜರಡಿಗೆ ಈ ಎರಡು ಲೆಕ್ಕಗಳ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಒಂದು ಕಡೆ ಊಹೆ ಸುಳ್ಳು ಅಂತ ಕಣ್ಣೆದುರಿಗೇ ಇದೆ. ಹಾಗಾದರೆ ಬರೀ ಜರಡಿಯಿಂದ ಇನ್ನೊಂದು ಕಡೆ ನಿಜ ಅಂತ ಹೇಳೋಕೆ ಆಗಲ್ಲ. 32 ಹೋಗಿ 32 ಲಕ್ಷ ಆದರೂ ಅಷ್ಟೇ.

ನನ್ನಂಥ ಹವ್ಯಾಸಿಗಳು ಯಾರಿಗಾದರೂ ಕಳಿಸುವ ಮೊದಲು ಈ ಪರೀಕ್ಷೆ ಮಾಡಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಅರ್ಧ ಗಂಟೆ ಕೆಲಸ. ಗಣಿತದ ಇನ್ನೊಂದು ಹಳೆಯ ಒಗಟು, ಫರ್ಮಾನ ಕೊನೆಯ ಪ್ರಮೇಯಕ್ಕೆ 1908ರಲ್ಲಿ ಒಂದು ಲಕ್ಷ ಮಾರ್ಕ್ ಬಹುಮಾನ ಸಾರಿದಾಗ ಜರ್ಮನಿಯ ಗಟಿಂಗನ್ ವಿಶ್ವವಿದ್ಯಾಲಯಕ್ಕೆ ಸಾಧನೆಗಳು ರಾಶಿ ರಾಶಿ ಬಂದವು. ಅಲ್ಲಿನ ಗಣಿತ ಪ್ರಾಧ್ಯಾಪಕ ಲಾಂಡೌ ಕಾರ್ಡುಗಳನ್ನೇ ಅಚ್ಚು ಹಾಕಿಸಿದ್ದರು: ಮೊದಲ ತಪ್ಪು ಇಂಥ ಪುಟ, ಇಂಥ ಸಾಲು. ಖಾಲಿ ಜಾಗ ತುಂಬುವುದು ವಿದ್ಯಾರ್ಥಿಗಳ ಕೆಲಸ. ಆ ಕಾರ್ಡನ್ನು ನಾವೇ ತುಂಬಿಕೊಂಡರೆ ಓದುವವರ ಸಮಯ ಉಳಿಯುತ್ತದೆ.

ಹಾಗಾಗಿ ಈಗ ಹುಡುಕುತ್ತಿರುವುದು ಕೂಡಿಸುವುದಕ್ಕೂ ಕಳೆಯುವುದಕ್ಕೂ ಬೇರೆ ಉತ್ತರ ಬರುವ ಜಾಗ. ಒಂದು ಸಿಕ್ಕಿದೆ, ಸುತ್ತುಗಳಲ್ಲಿ. 5ರ ಸುತ್ತಿನಲ್ಲಿ ಬೆಸ ಸಂಖ್ಯೆ ಎರಡು, ಅರ್ಧ ಮಾಡುವುದು ಮೂರು ಸಲ. 3ರ ವರ್ಗ 9, 2ರ ಘನ 8. ಕಳೆಯುವ ಲೆಕ್ಕದಲ್ಲಿ ಯಾವಾಗಲೂ 3ರ ಘಾತ ದೊಡ್ಡದು. ನಮ್ಮ ಲೆಕ್ಕದಲ್ಲಿ 2ರ ಘಾತ ದೊಡ್ಡದಿರಬೇಕು, ಮತ್ತು ಎರಡರ ವ್ಯತ್ಯಾಸದಿಂದ ಒಂದು ಮೊತ್ತ (ದಾರಿಯಲ್ಲಿ ಕೂಡಿಸುತ್ತಾ ಬಂದ 1ಗಳೆಲ್ಲ 3 ಮತ್ತು 2ರ ಘಾತಗಳಿಂದ ಗುಣಿಸಿಕೊಂಡು ಸೇರಿದ್ದು) ಭಾಗ ಹೋಗಬೇಕು. 32 (2ರ ಐದನೇ ಘಾತ) ಮತ್ತು 27 (3ರ ಘನ) ತೆಗೆದುಕೊಂಡೆ, ವ್ಯತ್ಯಾಸ 5. ಸಾಧ್ಯ ಇರುವ ಮೊತ್ತಗಳು ಆರೇ: 19, 23, 29, 31, 37, 49. ಒಂದೂ 5ರಿಂದ ಭಾಗ ಹೋಗುವುದಿಲ್ಲ. ಅಂದರೆ ಮೂರು ಬೆಸ, ಐದು ಅರ್ಧದ ಸುತ್ತು ಇಲ್ಲವೇ ಇಲ್ಲ!

ಇದು ಹೊಸ ಶೋಧ ಅಲ್ಲ. ಇದಕ್ಕಿಂತ ಎಷ್ಟೋ ದೊಡ್ಡ ಸುತ್ತುಗಳೂ ಇಲ್ಲ ಅಂತ ಗಣಿತಜ್ಞರು ಯಾವಾಗಲೋ ತೋರಿಸಿದ್ದಾರೆ. ಆದರೆ ಯಾಕೆ ಇಲ್ಲ ಅನ್ನೋದು ಕೈಯಲ್ಲಿ ಬರೆದಾಗಲೇ ನನಗೆ ಹಿಡಿತಕ್ಕೆ ಬಂತು.

ಮುಂದಿನದು 256 (2ರ ಎಂಟನೇ ಘಾತ) ಮತ್ತು 243 (3ರ ಐದನೇ ಘಾತ). ವ್ಯತ್ಯಾಸ 13, ನೋಡಬೇಕಾದ ಮೊತ್ತಗಳು 35. ಪ್ರೋಗ್ರಾಂ ಬೇಡ ಅಂತ ಅಣ್ಣನ ಮಗಳಿಗೆ ಹೇಳಿದ್ದೇನೆ.