ಕಾರ್ಬ್ ಕ್ಲೀನ್ ಮಾಡಿದ್ರೆ ಸಾಕಂತೆ

ಜೂನ್ ಬಂತೆಂದರೆ ಅಮೆರಿಕದ ಹ್ಯೂಸ್ಟನ್‌ನಲ್ಲಿ ಚಂಡಮಾರುತದ ಕಾಲ. ಗ್ಯಾರೇಜುಗಳ ಮೂಲೆಯಲ್ಲಿ ಮಲಗಿದ್ದ ಹಳೇ ಜನರೇಟರುಗಳು ಒಂದೊಂದಾಗಿ ಮಾರಾಟಕ್ಕೆ ಬರುತ್ತವೆ. ಎಲ್ಲ ಜಾಹೀರಾತಿನದೂ ಒಂದೇ ಒಕ್ಕಣೆ: ‘ಇಟ್ಟಾಗ ಚೆನ್ನಾಗಿ ಓಡ್ತಿತ್ತು, ಕಾರ್ಬ್ ಕ್ಲೀನ್ ಮಾಡಿದ್ರೆ ಸಾಕು.’ ಕಾರ್ಬ್ ಅಂದರೆ ಇಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಕಾರ್ಬ್ಯುರೇಟರ್. ‘ಹುಡುಗ ಬಂಗಾರ, ಸ್ವಲ್ಪ ಕೋಪ ಜಾಸ್ತಿ ಅಷ್ಟೆ’ ಅನ್ನುವ ಮದುವೆ ದಲ್ಲಾಳಿಯ ಮಾತು ನೆನಪಾಗುತ್ತದೆ.

2024ರ ಜುಲೈ 8ರಂದು ಬೆರಿಲ್ ಚಂಡಮಾರುತ ಅಪ್ಪಳಿಸಿದಾಗ ಈ ಭಾಗದಲ್ಲಿ 22 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಹೋಯಿತು. ನಮಗೆ ಐದು ದಿನ ಇರಲಿಲ್ಲ. ಸೆಕೆಯನ್ನು ಹೇಗೋ ತಡೆದುಕೊಂಡೆವು. ಫ್ರೀಜರಿನಲ್ಲಿ ಕೂಡಿಟ್ಟಿದ್ದ ತೆಂಗಿನತುರಿ, ಅವರೆಬೇಳೆ ಪೊಟ್ಟಣಗಳನ್ನೆಲ್ಲ ತಿಪ್ಪೆಗೆ ಹಾಕಿದ್ದು ಮಾತ್ರ ಹೊಟ್ಟೆ ಉರಿಸಿತು. ಹೊಸ ಜನರೇಟರಿಗೆ ಏಳುನೂರು ಡಾಲರ್ ಕೊಡಲು ಮನಸ್ಸು ಬರಲಿಲ್ಲ. 5,000 ವ್ಯಾಟಿನ ಹಳೆಯದೊಂದು 120 ಡಾಲರಿಗೆ ಸಿಕ್ಕಿತು.

ತಿಪಟೂರಿನ ನಮ್ಮ ತೋಟದಲ್ಲಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಗೆ ತಿರುಗಿಸುವ ಪಂಪಿತ್ತು. ಅದರ ಸಹವಾಸದಿಂದ ಎರಡು ವಿಷಯ ಗೊತ್ತಿತ್ತು. ಟ್ಯಾಂಕಿನ ಮುಚ್ಚಳ ತೆಗೆದು ಮೂಸಬೇಕು. ಹಳಸಿದ ಪೆಟ್ರೋಲು ವಾರ್ನಿಶ್ ಹಾಗೆ ಗಬ್ಬು ಹೊಡೆಯುತ್ತದೆ. ಆಮೇಲೆ ಹಗ್ಗ ಎಳೆದು ನೋಡಬೇಕು. ಕೈಗೆ ಎದುರುಬಲ ಕೊಟ್ಟರೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಇದೆ ಅಂತ. ಹಗ್ಗ ಸಲೀಸಾಗಿ ಬಂದುಬಿಟ್ಟರೆ ಕಾರ್ಬಿನ ಮಾತು ಬರೀ ನೆಪ, ಸುಮ್ಮನೆ ಮನೆಗೆ ಬರುವುದು ಮೇಲು. ಟ್ಯಾಂಕಿನ ತಳ ತುಕ್ಕು ಹಿಡಿದಿದ್ದರೂ ಅಷ್ಟೆ, ಇವತ್ತು ಕ್ಲೀನ್ ಮಾಡಿದ್ದು ನಾಳೆ ಮತ್ತೆ ಕಟ್ಟಿಕೊಳ್ಳುತ್ತದೆ.

ನನ್ನದು ಗಾಳಿ ತಡೆಯುವ ಚೋಕ್ ಅರ್ಧ ಎಳೆದಿದ್ದರೆ ಮಾತ್ರ ಓಡುತ್ತಿತ್ತು, ಅದೂ ಗೊರಕೆ ಹೊಡೆದ ಹಾಗೆ ಏರುತ್ತ ಇಳಿಯುತ್ತ. ಅಂದರೆ ಕಾರ್ಬಿನೊಳಗೆ ಪೆಟ್ರೋಲು ಹಾಯುವ ಸಣ್ಣ ತೂತಿನ ಜೆಟ್ ಕಟ್ಟಿದೆ. ಕಾರ್ಬಿನ ಬುಡದ ಬೋಲ್ಟ್ ಬಿಚ್ಚಿ ಪೆಟ್ರೋಲು ನಿಲ್ಲುವ ಬೌಲ್ ಇಳಿಸಿದರೆ ತಳದಲ್ಲಿ ಹಸಿರು ಪಾಚಿಯಂಥ ಪಾಕ. ಇಲ್ಲಿನ ಪೆಟ್ರೋಲಿನಲ್ಲಿ ಸಾಮಾನ್ಯವಾಗಿ ಶೇಕಡಾ 10ರವರೆಗೆ ಎಥನಾಲ್. ಅದು ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತರೆ ಉಳಿಯುವುದು ಈ ಅಂಟು. ಊರಿನಲ್ಲಿ ಈಗ ಶೇಕಡಾ 20 ಬೆರೆಸುತ್ತಿದ್ದಾರೆ. ಹಳೇ ಸ್ಕೂಟರನ್ನು ಮೂಲೆಯಲ್ಲಿ ನಿಲ್ಲಿಸಿದವರು ಕೊಂಚ ನೋಡಿಕೊಳ್ಳಿ. ಮೇನ್ ಜೆಟ್ಟಿನ ತೂತು ಒಂದು ಮಿಲಿಮೀಟರಿಗಿಂತ ಸಣ್ಣದು. ಊರ ಮೆಕ್ಯಾನಿಕ್ಕುಗಳು ಕ್ಲಚ್ ಕೇಬಲಿನ ಎಳೆ ತೂರಿಸುತ್ತಾರೆ. ಉಕ್ಕು ಹಿತ್ತಾಳೆಯನ್ನು ಕೊರೆದು ತೂತು ದೊಡ್ಡದು ಮಾಡುತ್ತದೆಂದು ನಾನು ತಾಮ್ರದ ತಂತಿ ಹಿಡಿದೆ. ಬೆಳಕಿಗೆ ಹಿಡಿದಾಗ ಆ ಚುಕ್ಕಿ ಕಂಡ ಖುಷಿಯೇ ಬೇರೆ.

ಇಂಜಿನ್ ಗಡಿಯಾರದ ಹಾಗೆ ಓಡಿತು. ದೀಪ ಸಿಕ್ಕಿಸಿದೆ, ಹತ್ತಲಿಲ್ಲ!

ಬಹಳ ದಿನ ನಿಂತ ಜನರೇಟರು ತನ್ನೊಳಗಿನ ಅಯಸ್ಕಾಂತ ಗುಣವನ್ನೂ ಕಳೆದುಕೊಳ್ಳುವುದುಂಟು. ಅದಿಲ್ಲದೆ ವಿದ್ಯುತ್ ಹುಟ್ಟುವುದಿಲ್ಲ. ಕಾರ್ಬಿನ ಕತೆ ಹೇಳಿದ ಮಾರಾಟಗಾರ ಇದನ್ನು ಹೇಳಿರಲಿಲ್ಲ, ಪಾಪ ಅವನಿಗೂ ಗೊತ್ತಿತ್ತೋ ಇಲ್ಲವೋ. ಪಕ್ಕದ ಮನೆಯ ಮೆಕ್ಸಿಕನ್ ಅಜ್ಜ ಬೇಲಿಯಾಚೆಯಿಂದ ನೋಡಿ ವೈರಿರುವ ಹಳೇ ಡ್ರಿಲ್ ತಂದರು. ಓಡುತ್ತಿದ್ದ ಜನರೇಟರಿಗೆ ಸಿಕ್ಕಿಸಿ, ಟ್ರಿಗರ್ ಒತ್ತಿಕೊಂಡೇ ಅದರ ಮೂತಿಯನ್ನು ಕೈಯಲ್ಲಿ ಉಲ್ಟಾ ತಿರುಗಿಸಿದರು. ಡ್ರಿಲ್ಲಿನ ಮೋಟಾರು ಹುಟ್ಟಿಸಿದ ತುಸು ಕರೆಂಟೇ ಆ ಅಯಸ್ಕಾಂತ ಗುಣ ಮರಳಲು ಸಾಕಾಯಿತು. ಡ್ರಿಲ್ ಒಮ್ಮೆಲೇ ಗುರ್‌ ಎಂದಿತು, ಅಜ್ಜ ಬೆಚ್ಚಿ ಕೈ ತೆಗೆದರು, ದೀಪ ಹತ್ತಿತು.

ಈಗ ಎರಡು ತಿಂಗಳಿಗೊಮ್ಮೆ ಅದನ್ನು ಅಂಗಳದ ತುದಿಗೆ, ಮನೆಯಿಂದ 20 ಅಡಿಗೂ ಆಚೆಗೆ, ತಳ್ಳಿಕೊಂಡು ಹೋಗುತ್ತೇನೆ. ಹೊಗೆಯ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ. ಇಲ್ಲಿ ಬಿರುಗಾಳಿ ಮುಗಿದ ಮೇಲೂ ಜನ ಸಾಯುವುದು ಅದರಿಂದ. ಹತ್ತು ನಿಮಿಷ ಓಡಿಸಿ ಪೆಟ್ರೋಲಿನ ವಾಲ್ವ್ ಮುಚ್ಚುತ್ತೇನೆ. ಬೌಲ್ ಬರಿದಾಗಿ ಇಂಜಿನ್ ಕೆಮ್ಮಿ ಕೆಮ್ಮಿ ನಿಲ್ಲುವವರೆಗೂ ಅಲ್ಲೇ ನಿಂತಿರುತ್ತೇನೆ.