ಶಿಬಿರ ಮುಗಿದ ಮೇಲಿನ ಆರು ವಾರ

ಮಂಡ್ಯದ ನಮ್ಮ ಸೇವಾ ಬಳಗದಲ್ಲಿ ಔಷಧಿ ಅಂಗಡಿ ನಡೆಸುವವರಿದ್ದಾರೆ, ಆಲೆಮನೆ ಇಟ್ಟವರಿದ್ದಾರೆ, ಬ್ಯಾಂಕಿನಿಂದ ನಿವೃತ್ತರಾದವರಿದ್ದಾರೆ, ನನ್ನಂತೆ ಪ್ರೌಢಶಾಲೆಯಲ್ಲಿ ಪಾಠ ಹೇಳಿ ಈಗ ಬಿಡುವಾಗಿರುವವರೂ ಇದ್ದಾರೆ. ಕಣ್ಣಿನ ತಪಾಸಣೆ, ರಕ್ತದಾನ, ಗಿಡ ನೆಡುವುದು, ಸರ್ಕಾರಿ ಶಾಲೆಯ ಮಕ್ಕಳಿಗೆ ನೋಟ್‌ಪುಸ್ತಕ ಹಂಚುವುದು ಎಂದು ವರ್ಷವಿಡೀ ಒಂದಿಲ್ಲೊಂದು ಕೆಲಸ ನಡೆದೇ ಇರುತ್ತದೆ. ಅವುಗಳಲ್ಲಿ ನಾನು ಹೆಚ್ಚು ತೊಡಗಿಕೊಂಡಿರುವುದು ಕಣ್ಣಿನ ಶಿಬಿರದಲ್ಲಿ. ಶಿಬಿರದ ದಿನ ಜನ ಸೇರಿಸುವುದಕ್ಕೆ ಪಡುವಷ್ಟೇ ಶ್ರಮವನ್ನು ಅದರ ಮುಂದಿನ ಆರು ವಾರಗಳಿಗೂ ಮೀಸಲಿಡದಿದ್ದರೆ ನಾವು ಮಾಡಿದ್ದು ಅರ್ಧ ಕೆಲಸವೇ ಆಗುತ್ತದೆ ಎಂಬುದು ಇಷ್ಟು ವರ್ಷಗಳ ಒಡನಾಟದಿಂದ ನನ್ನಲ್ಲಿ ಗಟ್ಟಿಯಾಗಿರುವ ಅಭಿಪ್ರಾಯ.

ಸೇವಾ ಸಂಸ್ಥೆಗಳಿಗೂ ಕಣ್ಣಿಗೂ ಇರುವ ನಂಟು ಹಳೆಯದು. 1925ರಲ್ಲಿ ಅಮೆರಿಕದ ಓಹಾಯೊ ರಾಜ್ಯದಲ್ಲಿ ಸೇರಿದ್ದ ಲಯನ್ಸ್ ಸಮ್ಮೇಳನದಲ್ಲಿ ಹೆಲೆನ್ ಕೆಲ್ಲರ್ ಅವರು ಅಂಧರ ಪರವಾಗಿ ನಿಲ್ಲಬೇಕೆಂದು ಕೇಳಿಕೊಂಡರು. ಅಲ್ಲಿಂದ ಮುಂದೆ ದೃಷ್ಟಿಯ ರಕ್ಷಣೆ ಆ ಸಂಸ್ಥೆಯ ಮುಖ್ಯ ಕಾರ್ಯಗಳಲ್ಲಿ ಒಂದಾಯಿತು. ನಮ್ಮ ರಾಜ್ಯದಲ್ಲಿ ಡಾ. ಎಂ.ಸಿ. ಮೋದಿಯವರು ಊರೂರು ಸುತ್ತಿ, ಶಿಬಿರಗಳಲ್ಲೇ ಅಸಂಖ್ಯ ಬಡವರ ಕಣ್ಣಿನ ಪೊರೆ ತೆಗೆದದ್ದನ್ನು ಹಿರಿಯರು ಇಂದಿಗೂ ಸ್ಮರಿಸುತ್ತಾರೆ. ಆ ಕಾಲದಲ್ಲಿ ಕಣ್ಣಿನೊಳಗೆ ಕೃತಕ ಲೆನ್ಸ್ ಇಡುವ ಪದ್ಧತಿ ರೂಢಿಯಲ್ಲಿರಲಿಲ್ಲವಾದ್ದರಿಂದ, ಪೊರೆ ತೆಗೆಸಿಕೊಂಡವರು ಸೋಡಾ ಬಾಟಲಿಯ ತಳದಂಥ ದಪ್ಪ ಗಾಜಿನ ಕನ್ನಡಕವನ್ನು ಜೀವನಪೂರ್ತಿ ಹಾಕಿಕೊಳ್ಳಬೇಕಾಗುತ್ತಿತ್ತು. 1976ರಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಶಾಲಾ ಕೊಠಡಿಗಳಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಿದ್ದ ಪದ್ಧತಿ, ಸೋಂಕಿನ ಅಪಾಯದ ಕಾರಣದಿಂದ ಕ್ರಮೇಣ ನಿಂತಿತು. ಈಗ ಹಳ್ಳಿಯಲ್ಲಿ ನಡೆಯುವುದು ತಪಾಸಣೆ ಮಾತ್ರ; ಶಸ್ತ್ರಚಿಕಿತ್ಸೆಗೆ ಆಸ್ಪತ್ರೆಗೇ ಕರೆದೊಯ್ಯಬೇಕು. ಇದು ಒಳ್ಳೆಯ ಬದಲಾವಣೆ. ಆದರೆ ತಪಾಸಣೆಗೂ ಶಸ್ತ್ರಚಿಕಿತ್ಸೆಗೂ ನಡುವೆ ಒಂದು ಪ್ರಯಾಣ ಸೇರಿಕೊಂಡಿತು, ಆ ಪ್ರಯಾಣದಲ್ಲಿಯೇ ಅನೇಕರು ಹಿಂದೆ ಉಳಿದುಬಿಡುತ್ತಾರೆ.

ನಾವು ಸಾಮಾನ್ಯವಾಗಿ ದುದ್ದ, ಬಸರಾಳು ಕಡೆಯ ಊರುಗಳಲ್ಲಿ ಶಾಲೆಯನ್ನೋ ಸಮುದಾಯ ಭವನವನ್ನೋ ಕೇಳಿ ಪಡೆದು ಶಿಬಿರ ಏರ್ಪಡಿಸುತ್ತೇವೆ. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೇಳಿರದಿದ್ದರೆ ಎಷ್ಟು ಬ್ಯಾನರ್ ಕಟ್ಟಿದರೂ ಜನ ಬರುವುದಿಲ್ಲ. ಓದು ಬರದವರಿಗಾಗಿ ಇಂಗ್ಲಿಷಿನ 'ಇ' ಅಕ್ಷರವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ಬರೆದ ಫಲಕವಿರುತ್ತದೆ, ಅದರ ಕಾಲುಗಳು ಯಾವ ಕಡೆಗಿವೆ ಎಂದು ಅವರು ಕೈಯಲ್ಲಿ ತೋರಿಸುತ್ತಾರೆ. ಕಣ್ಣಿನ ಒತ್ತಡವನ್ನೂ ಪರೀಕ್ಷಿಸುವಂತೆ ವೈದ್ಯರನ್ನು ನಾವು ಪ್ರತಿಸಲವೂ ಕೇಳಿಕೊಳ್ಳುತ್ತೇವೆ. ಪೊರೆಯಿಂದ ಹೋದ ದೃಷ್ಟಿಯನ್ನು ಮರಳಿ ತರಬಹುದು, ಸಾಮಾನ್ಯವಾಗಿ ಕಣ್ಣಿನ ಒತ್ತಡ ಹೆಚ್ಚಾಗಿ ನರ ಹಾಳಾಗುವ ಗ್ಲಾಕೋಮಾದಿಂದ ಹೋದದ್ದು ಮರಳಿ ಬರುವುದಿಲ್ಲ; ಹಳ್ಳಿಯ ವೃದ್ಧರು ಎರಡನ್ನೂ 'ಪೊರೆ' ಎಂದೇ ತಿಳಿದು ಕಾಯುತ್ತಾ ಕುಳಿತಿರುತ್ತಾರೆ. ಬಿಪಿ, ಶುಗರ್ ನೋಡಿ, ಶಸ್ತ್ರಚಿಕಿತ್ಸೆಗೆ ಆಯ್ಕೆಯಾದವರ ಪಟ್ಟಿ ಸಿದ್ಧವಾಗುವಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ.

ಪಟ್ಟಿಯಲ್ಲಿರುವ ಎಲ್ಲರೂ ಆಸ್ಪತ್ರೆಯ ವಾಹನ ಹತ್ತುವುದಿಲ್ಲ. ಪೊರೆ ಚೆನ್ನಾಗಿ ಬಲಿತ ಮೇಲೆಯೇ ತೆಗೆಸಬೇಕೆಂಬ ನಂಬಿಕೆ ಇನ್ನೂ ಬಲವಾಗಿದೆ. ಹಿಂದಿನ ಚಿಕಿತ್ಸಾ ವಿಧಾನಕ್ಕೆ ಅದು ಒಪ್ಪುತ್ತಿದ್ದಿರಬಹುದು, ಇಂದಿನ ವಿಧಾನಕ್ಕೆ ಅದರ ಅಗತ್ಯವಿಲ್ಲ. ಅತಿಯಾಗಿ ಬಲಿತರೆ ಚಿಕಿತ್ಸೆಯೇ ಕಠಿಣವಾಗುತ್ತದೆ. ಬೇಸಿಗೆಯಲ್ಲಿ ಗಾಯ ಮಾಗುವುದಿಲ್ಲ ಎಂಬುದು ಇನ್ನೊಂದು ಮಾತು, ಅದಕ್ಕೂ ಆಧಾರವಿಲ್ಲ. ಇವೆರಡಕ್ಕೂ ಉತ್ತರ ಹೇಳುವುದು ಸುಲಭ. ಒಕ್ಕಣೆ ಮುಗಿಯಲಿ, ಸಂಕ್ರಾಂತಿ ಕಳೆಯಲಿ, ಹಸು ಕರೆಯುವವರು ಯಾರು ಎಂಬ ಮಾತುಗಳಿಗೆ ಉತ್ತರ ಹೇಳುವುದು ಕಷ್ಟ. ಒಬ್ಬ ಅಜ್ಜಿ ನನ್ನ ಕೈ ಹಿಡಿದುಕೊಂಡು, "ಮಗ ಬೆಂಗ್ಳೂರಲ್ಲವ್ನೆ, ಸೊಸೆನೂ ಅಲ್ಲೇ. ಆಪ್ರೇಸನ್ ಮಾಡ್ಸ್ಕಂಡ್ ಬಂದ್ರೆ ಹನಿ ಬುಡೋರ್ಯಾರವ್ವ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಭಯವಾಗಲಿ ಮೂಢನಂಬಿಕೆಯಾಗಲಿ ಇರಲಿಲ್ಲ. ಬಹಳ ವಿವೇಕದ ಪ್ರಶ್ನೆ ಅದು.

ಏಕೆಂದರೆ ಶಸ್ತ್ರಚಿಕಿತ್ಸೆಯೇನೋ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಮರುದಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕ ಕೊಟ್ಟು, ಹನಿಯ ಬಾಟಲಿಗಳನ್ನು ಕೈಗಿತ್ತು ಕಳುಹಿಸುತ್ತಾರೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹನಿ ಹಾಕಬೇಕು. ಮೊದಲ ವಾರ ದಿನಕ್ಕೆ ಹಲವು ಬಾರಿ, ಅನಂತರ ವೈದ್ಯರು ಬರೆದುಕೊಟ್ಟಂತೆ ಕ್ರಮವಾಗಿ ಕಡಿಮೆ ಮಾಡುತ್ತಾ ಹೋಗಬೇಕು. ತಲೆಗೆ ನೀರು ಹಾಕಿಕೊಳ್ಳುವಾಗ ಕಣ್ಣಿಗೆ ನೀರು ಹೋಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು, ಹೊಗೆಯ ಹತ್ತಿರ ಕೂರಬಾರದು. ಸೌದೆ ಒಲೆಯ ಮುಂದೆ ಅಡುಗೆ ಮಾಡುವ, ಕಬ್ಬಿನ ಕಾಲದಲ್ಲಿ ಆಲೆಮನೆಯ ಆಸುಪಾಸಿನಲ್ಲೇ ಬದುಕುವ ಹೆಂಗಸಿಗೆ ಈ ನಿಯಮಗಳನ್ನು ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಕೊಟ್ಟರೆ ಆಕೆ ಅದನ್ನು ಹೇಗೆ ಪಾಲಿಸಿಯಾಳು? ಕಣ್ಣು ಕೆಂಪಾಗಿ ನೋವು ಹೆಚ್ಚಾದರೆ, ಬಂದ ದೃಷ್ಟಿ ಮತ್ತೆ ಮಂಜಾದರೆ, ಅದೇ ದಿನ ವೈದ್ಯರ ಬಳಿ ಹೋಗಬೇಕು. ಆಗ ಆಕೆಯನ್ನು ಮಂಡ್ಯಕ್ಕೋ ಮೈಸೂರಿಗೋ ಕರೆದುಕೊಂಡು ಹೋಗುವವರು ಊರಿನಲ್ಲಿ ಇರಬೇಕು.

ಹೀಗಾಗಿ ಪಟ್ಟಿಯಲ್ಲಿರುವ ಪ್ರತಿಯೊಬ್ಬರ ಹೆಸರಿನ ಎದುರಿಗೆ, ಹನಿ ಹಾಕುವವರು ಯಾರು ಎಂಬ ಕಾಲಂ ಒಂದನ್ನು ನಮ್ಮ ಪುಸ್ತಕದಲ್ಲಿ ಸೇರಿಸಿಕೊಂಡಿದ್ದೇವೆ. ಮನೆಯವರಿದ್ದರೆ ಅವರ ಹೆಸರು, ಇಲ್ಲದಿದ್ದರೆ ನೆರೆಮನೆಯ ಹುಡುಗಿಯದೋ ಅಂಗನವಾಡಿಯ ಸಹಾಯಕಿಯದೋ ಹೆಸರು ಅಲ್ಲಿರಬೇಕು, ಅವರಿಗೆ ಕೈ ತೊಳೆದು, ಬಾಟಲಿಯ ತುದಿ ಕಣ್ಣಿಗೆ ತಾಕದಂತೆ, ಕೆಳರೆಪ್ಪೆ ಎಳೆದು ಹನಿ ಬಿಡುವುದನ್ನು ಆಸ್ಪತ್ರೆಯ ದಾದಿಯರಿಂದಲೇ ಕಲಿಸಿರಬೇಕು. ಆ ಕಾಲಂ ಖಾಲಿಯಿದ್ದರೆ ಬಳಗದ ಸದಸ್ಯರೊಬ್ಬರು ಆ ಊರಿನ ಹೊಣೆ ಹೊರುತ್ತಾರೆ. ಶಿಬಿರದ ವೇದಿಕೆಗೆ ಹಾರ, ಶಾಲು, ಫಲತಾಂಬೂಲಕ್ಕೆ ಖರ್ಚಾಗುತ್ತಿದ್ದ ಹಣವನ್ನು ಮರುತಪಾಸಣೆಯ ದಿನದ ವಾಹನಕ್ಕೆ ತಿರುಗಿಸಬೇಕೆಂದು ನಾನು ಸಭೆಯಲ್ಲಿ ವಾದಿಸಿದಾಗ ಕೆಲವರಿಗೆ ಬೇಸರವಾಯಿತು. ಗಣ್ಯರನ್ನು ಕರೆಯದಿದ್ದರೆ ದಾನಿಗಳು ಸಿಗುವುದಿಲ್ಲ ಎಂಬ ಅವರ ಮಾತಿನಲ್ಲಿಯೂ ಸತ್ಯವಿದೆ. ಒಂದು ಹಾರ, ಒಂದು ಚಿಕ್ಕ ಭಾಷಣ ಎಂಬಲ್ಲಿಗೆ ಒಪ್ಪಂದವಾಗಿದೆ.

ಶಿಬಿರದ ದಿನದ ಉತ್ಸಾಹಕ್ಕೂ ಅದರ ನಂತರದ ಕೆಲಸಕ್ಕೂ ನಡುವಿನ ಅಂತರ ನೇತ್ರದಾನದ ವಿಷಯದಲ್ಲಿ ಇನ್ನೂ ದೊಡ್ಡದು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ವರಿಗೆ ದೃಷ್ಟಿ ಬಂತು. ಆ ಬಳಿಕ ರಾಜ್ಯದಾದ್ಯಂತ ಹೆಸರು ನೋಂದಾಯಿಸಲು ಜನ ಮುಗಿಬಿದ್ದರು. ನಮ್ಮ ಮೇಜಿನ ಮುಂದೆಯೂ ಯುವಕರು ಸಾಲುಗಟ್ಟಿ ನಿಂತು ಫಾರಂ ತುಂಬಿದರು. ಆದರೆ ಫಾರಂ ಕಣ್ಣನ್ನು ಕೊಡುವುದಿಲ್ಲ, ಕೊಡುವವರು ಮನೆಯವರು. ಸಾವಿನ ನಂತರ ಆರು ಗಂಟೆಯೊಳಗೆ ಕಣ್ಣುಗಳನ್ನು ಪಡೆಯಬೇಕು. ಅಲ್ಲಿಯವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ಫ್ಯಾನ್ ನಿಲ್ಲಿಸಬೇಕು, ತಲೆಯ ಕೆಳಗೆ ದಿಂಬಿಡಬೇಕು. ಕನ್ನಡಕ ಹಾಕುತ್ತಿದ್ದವರೂ ಪೊರೆ ತೆಗೆಸಿಕೊಂಡಿದ್ದವರೂ ಸಕ್ಕರೆ ಕಾಯಿಲೆಯವರೂ ಕೊಡಬಹುದು, ಮುಖ ವಿಕಾರವಾಗುವುದಿಲ್ಲ. ಹೆಣದ ಮುಂದೆ ಅಳುತ್ತಿರುವ ಮನೆಯಲ್ಲಿ ಇಷ್ಟನ್ನೂ ನೆನಪಿಟ್ಟು ಫೋನ್ ಮಾಡುವವರೊಬ್ಬರು ಬೇಕು. ಆದ್ದರಿಂದ ಈಗ ನಾವು ಫಾರಂ ತುಂಬುವವರನ್ನು ಒಬ್ಬರೇ ಬರಲು ಹೇಳುವುದಿಲ್ಲ. ಹೆಂಡತಿಯನ್ನೋ ಅಣ್ಣನನ್ನೋ ಜೊತೆಗೆ ಕರೆತನ್ನಿ ಎನ್ನುತ್ತೇವೆ. ಸಾಲು ಚಿಕ್ಕದಾಗಿದೆ, ಅದರ ಬಗ್ಗೆ ನನಗೆ ಚಿಂತೆಯಿಲ್ಲ.

ರಕ್ತದಾನದಲ್ಲಿ ತೊಂದರೆ ದಿನಾಂಕದ್ದು. ನಾಯಕರ ಹುಟ್ಟುಹಬ್ಬ, ರಾಜ್ಯೋತ್ಸವ ಎಂದು ಒಂದೇ ದಿನ ಹಲವು ಕಡೆ ಶಿಬಿರ ನಡೆದರೆ ಉಪಯೋಗ ಸೀಮಿತ. ಕೆಂಪು ರಕ್ತಕಣಗಳನ್ನು ಹೆಚ್ಚೆಂದರೆ 42 ದಿನ ಇಡಬಹುದು, ಪ್ಲೇಟ್‌ಲೆಟ್‌ಗಳನ್ನು ಐದೇ ದಿನ. ಅಂದು ರಕ್ತ ಕೊಟ್ಟ ಗಂಡಸರು ಮತ್ತೆ ಕೊಡಲು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಕಾಯಬೇಕು. ಕಾಲೇಜುಗಳಿಗೆ ರಜೆ ಬರುವ ಏಪ್ರಿಲ್, ಮೇ ತಿಂಗಳಲ್ಲಿ ರಕ್ತನಿಧಿಗಳು ಬರಿದಾಗುತ್ತವೆ, ಆದರೆ ಕೆಲವೇ ವಾರಗಳಿಗೊಮ್ಮೆ ರಕ್ತ ಹಾಕಿಸಿಕೊಳ್ಳಲೇಬೇಕಾದ ಥಲಸ್ಸೀಮಿಯಾ ಮಕ್ಕಳಿಗೆ ರಜೆಯಿಲ್ಲ. ಮಳೆಗಾಲದಲ್ಲಿ ಡೆಂಗ್ಯೂ ಬಂದಾಗ ಪ್ಲೇಟ್‌ಲೆಟ್‌ಗಳ ಬೇಡಿಕೆ ಏರುತ್ತದೆ. ರಕ್ತನಿಧಿಯವರನ್ನು ಮೊದಲು ಕೇಳಿ ದಿನ ಗೊತ್ತುಪಡಿಸುವ ಪದ್ಧತಿಯನ್ನು ಎಲ್ಲ ಸಂಘಗಳೂ ಅನುಸರಿಸಬೇಕೆಂದು ನನ್ನ ಮನವಿ. ಗಿಡ ನೆಡುವ ಕಾರ್ಯಕ್ರಮದ ಬಗ್ಗೆ ಹೇಳುವುದು ಇಷ್ಟೇ: ನಾಲೆಯ ನೀರು ಕಾಣದ ನಾಗಮಂಗಲದ ಕಡೆ ಹೊಂಗೆ, ಬೇವಿನ ಸಸಿಗೂ ಎರಡು ಬೇಸಿಗೆ ನೀರು ಹೊತ್ತು ಹಾಕುವವರು ಸಿಕ್ಕರೆ ಮಾತ್ರ ನೆಡೋಣ.

ಮುಂದಿನ ಕಣ್ಣಿನ ಶಿಬಿರ ಭತ್ತದ ಒಕ್ಕಣೆ ಮುಗಿದ ಮೇಲೆ ನಡೆಯಲಿದೆ. ವೈದ್ಯರು, ವಾಹನ, ಕನ್ನಡಕಕ್ಕೆ ಬೇಕಾದ ಹಣ ಎಲ್ಲವೂ ಹೊಂದಿಕೆಯಾಗಿವೆ. ಹನಿ ಹಾಕುವವರ ಕಾಲಂ ಮಾತ್ರ ಇನ್ನೂ ತುಂಬಬೇಕಿದೆ. ಆ ಹಳ್ಳಿಗಳಲ್ಲೇ ಇದ್ದು, ಬೆಳಿಗ್ಗೆ ಸಂಜೆ ಹತ್ತು ನಿಮಿಷ ಬಿಡುವು ಮಾಡಿಕೊಂಡು ಪಕ್ಕದ ಬೀದಿಯ ಒಬ್ಬ ಹಿರಿಯರ ಮನೆಗೆ ಆರು ವಾರ ಹೋಗಿಬರಲು ಸಾಧ್ಯವಿರುವವರು ದಯವಿಟ್ಟು ನಿಮ್ಮ ಊರಿನ ಆಶಾ ಕಾರ್ಯಕರ್ತೆಗೆ ಹೆಸರು ತಿಳಿಸಿ. ಹನಿ ಹಾಕುವುದನ್ನು ಕಲಿಸಿಕೊಡುವ ವ್ಯವಸ್ಥೆಯನ್ನು ನಾವು ಮಾಡುತ್ತೇವೆ.